ಮೋರಿಯ ಕಡೆ ಯಾರೂ ಹೋಗಬೇಡಿ

ಬೀರಯ್ಯನಪಾಳ್ಯ, ರಾಜಘಟ್ಟ ಅಂಚೆ
ದೊಡ್ಡಬಳ್ಳಾಪುರ ತಾಲ್ಲೂಕು
೨೩ ನವೆಂಬರ್ ೧೯೭೫

ವೆಂಕಟರಾಮಣ್ಣನಿಗೆ ಗಂಗಲಕ್ಷ್ಮಿಯ ನಮಸ್ಕಾರ.

ಬೀದರಿನಲ್ಲಿ ಈಗ ಚಳಿ ಜಾಸ್ತಿಯಂತೆ, ಕಂಬಳಿ ಕಳಿಸು ಎಂದು ಅಮ್ಮ ನನ್ನ ಪ್ರಾಣ ಹಿಂಡುತ್ತಿದ್ದಾಳೆ. ಸಬ್ ಇನ್‌ಸ್ಪೆಕ್ಟರಿಗೆ ಸರ್ಕಾರವೇ ಕಂಬಳಿ ಕೊಡುತ್ತದಮ್ಮ ಎಂದರೆ ನಂಬುವುದಿಲ್ಲ. ಅದಿರಲಿ, ಮುಖ್ಯ ವಿಷಯ ಕೇಳು. ನಮ್ಮ ಮುನಿಶಾಮ ರೈಲು ನಿಲ್ಲಿಸಿದ!

ಬುಧವಾರ ರಾತ್ರಿ ಹಳಿಯ ಕಡೆಯಿಂದ ದೊಡ್ಡ ಶಬ್ದ ಕೇಳಿಸಿತ್ತು. ಕಲ್ಲುಕ್ವಾರಿಯವರದು ಎಂದುಕೊಂಡು ಮಲಗಿದ್ದೆವು. ಬೆಳಿಗ್ಗೆ ಇವನು ಎಂದಿನಂತೆ ಹಳಿ ಪಕ್ಕದ ಕಾಲುದಾರಿಯಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿಗೆ ಹೊರಟಿದ್ದಾನೆ. ನಮ್ಮೂರ ಮೋರಿಯ ಮೇಲೆ ಒಂದು ಹಳಿ ಸೊಟ್ಟಗೆ ಎದ್ದು ನಿಂತಿತ್ತಂತೆ, ಜಲ್ಲಿಯೆಲ್ಲ ಹೊಲಕ್ಕೆ ಚೆಲ್ಲಿತ್ತಂತೆ. ಅಷ್ಟರಲ್ಲಿ ಹಿಂದೂಪುರದ ಕಡೆಯಿಂದ ಪ್ಯಾಸೆಂಜರ್ ಗಾಡಿಯ ಕೂಗು. ಇವನು ಹೆಗಲ ಮೇಲಿನ ಕೆಂಪು ಟವಲು ಬೀಸುತ್ತ ಗಾಡಿಗೆ ಎದುರಾಗಿ ಓಡಿದ. ಡ್ರೈವರ್ ನಿಲ್ಲಿಸಿದ. ಗಾಡಿ ತುಂಬ ಜನ, ರೇಷ್ಮೆಗೂಡಿನ ಮೂಟೆಯವರು, ಮದುವೆಗೆ ಹೊರಟವರು. ಒಬ್ಬ ಮುದುಕಿ ಇಳಿದು ಬಂದು ಇವನ ಕೆನ್ನೆ ಸವರಿ ದೃಷ್ಟಿ ತೆಗೆದಳಂತೆ.

ಆಮೇಲೆ ಪೊಲೀಸರು ಬಂದರು. ಯಾರೋ ಬಾಂಬ್ ಇಟ್ಟಿದ್ದಾರೆ ಎಂದರು. ಸರ್ಕಲ್ ಸಾಹೇಬರು ಇವನ ಕೈ ಕುಲುಕಿ, ಜೀಪಿನಲ್ಲೇ ಕೂರಿಸಿ ಟೀ ಕುಡಿಸಿದರು. ಗ್ಯಾಂಗ್‌ಮನ್ ಪಾಪಯ್ಯ ಮನೆಗೇ ಬಂದು, "ಅಮ್ಮಯಮ್ಮೋರೇ, ನಿಮ್ ಮಗ ನನ್ ಕೆಲ್ಸ ಉಳಿಸ್ದ. ನನ್ ಕಣ್ಣಿಗೆ ಬೀಳ್ಬೇಕಾಗಿದ್ದು ಅವ್ನ ಕಣ್ಣಿಗೆ ಬಿತ್ತು" ಅಂದ. ಅಮ್ಮ ಅಂದಿನಿಂದ ನೆಲದ ಮೇಲೆ ನಡೆಯುತ್ತಿಲ್ಲ.

ನಿನ್ನ ತಂಗಿ,
ಗಂಗಲಕ್ಷ್ಮಿ


ಬೀದರ್
೨ ಡಿಸೆಂಬರ್ ೧೯೭೫

ಪ್ರೀತಿಯ ಗಂಗಾ,

ನಿನ್ನ ಕಾಗದವನ್ನು ಠಾಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಹೆಡ್ ಕಾನ್‌ಸ್ಟೇಬಲ್ ಕನ್ನಡ ಸರಿಯಾಗಿ ಬಾರದವನು, ಅವನಿಗೆ ಉರ್ದುವಿನಲ್ಲಿ ತಿಳಿಸಿದೆ. ನಿಮ್ಮ ತಮ್ಮ ಪೊಲೀಸಿಗೆ ಸೇರಲಿ ಸಾಹೇಬ್ ಎಂದ.

ಮುನಿಶಾಮನಿಗೆ ನನ್ನ ಶಹಬ್ಬಾಸ್ ಹೇಳು. ತುರ್ತುಪರಿಸ್ಥಿತಿ ಏಕೆ ಬೇಕಾಯಿತು ಎಂದು ಹೋದ ಸಲ ಊರಿಗೆ ಬಂದಾಗ ಅವನು ನನ್ನ ಜೊತೆ ವಾದಕ್ಕಿಳಿದಿದ್ದ. ಈಗ ಅವನ ಕಣ್ಣೆದುರೇ ಉತ್ತರ ಬಿದ್ದಿತ್ತಲ್ಲ. ಗಾಡಿ ತುಂಬ ಬಡವರಿದ್ದಾರೆಂದು ಗೊತ್ತಿದ್ದೂ ಹಳಿಗೆ ಮದ್ದು ಇಡುವವರನ್ನು ಮುದ್ದು ಮಾಡಲಾಗದು. ಆದರೆ ಸರ್ಕಾರಕ್ಕೆ ಎಷ್ಟು ಕಣ್ಣಿವೆ ಹೇಳು? ಜನ ನೋಡಿ, ಬಂದು ಹೇಳಬೇಕು. ಹೇಳಿದವನಿಗೆ ನಾವು ಕಾವಲು ನಿಲ್ಲಬೇಕು. ಇಲಾಖೆ ನಡೆಯುವುದೇ ಹಾಗೆ.

ಕಂಬಳಿ ಬೇಡ. ಅವರೆಕಾಯಿ ಕಾಲ ಬಂತು, ಯಾರಾದರೂ ಈ ಕಡೆ ಬಂದರೆ ಹಿತಕಿದ ಬೇಳೆ ಕಳಿಸಿ.

ನಿನ್ನ ಅಣ್ಣ,
ವೆಂಕಟರಾಮಪ್ಪ


ಬೀರಯ್ಯನಪಾಳ್ಯ
೮ ಡಿಸೆಂಬರ್ ೧೯೭೫

ಅಣ್ಣನಿಗೆ ನಮಸ್ಕಾರ.

ನಿನ್ನ ಶಹಬ್ಬಾಸ್ ಹೇಳಲು ಮುನಿಶಾಮ ಮನೆಯಲ್ಲಿಲ್ಲ.

ಟೀ ಕುಡಿಸಿದ ಸರ್ಕಲ್ ಸಾಹೇಬರೇ ಮತ್ತೆ ಬಂದರು. "ಅಷ್ಟೊತ್ತಿಗೇ ಅಲ್ಲಿಗೆ ಯಾಕೋ ಹೋಗಿದ್ದೆ? ಹಳಿ ಕಿತ್ತಿರೋದು ನಿನಗೊಬ್ಬನಿಗೇ ಹೇಗೋ ಕಾಣಿಸ್ತು? ಕೆಂಪು ಟವಲು ಯಾಕೆ ತಂದಿದ್ದೆ?" ಎಂದು ಕೇಳಿದರು. ಕೆಂಪು ಟವಲು ಅವನಿಗೆ ನಾನೇ ಇಲ್ಲೇ ಪಕ್ಕದ ವಿಜಯಪುರದ ಸಂತೆಯಲ್ಲಿ ತೆಗೆದುಕೊಟ್ಟಿದ್ದು ಎಂದರೆ, "ನಿನ್ನ ಕೇಳ್ಲಿಲ್ಲ, ಸುಮ್ನಿರಮ್ಮ" ಎಂದರು. ಮಾರನೆಯ ದಿನ ಮಗ್ಗದ ಶೆಡ್ಡಿಗೆ ಹೋಗಿ, ಯಾವುದೋ ಕರಪತ್ರ ಸಿಕ್ಕಿತೆಂದು ಅಲ್ಲಿದ್ದವರನ್ನೆಲ್ಲ ವ್ಯಾನಿಗೆ ತುಂಬಿದರು. ಚಿಕ್ಕಬೀರಪ್ಪನ ಮಗನೂ ಅದರಲ್ಲಿ ಹೋದ. ಪಂಚಾಯಿತಿ ಛೇರ್ಮನ್ನರ ಮಗ ಎಂದರೂ ಬಿಡಲಿಲ್ಲ. ಮುನಿಶಾಮ ಆಗ ಹೋಟೆಲಿಗೆ ಹೋಗಿದ್ದ, ಅಲ್ಲಿಂದಲೇ ತಪ್ಪಿಸಿಕೊಂಡ. ತ್ಯಾಮಗೊಂಡ್ಲಿನ ಮುನಿತಾಯಮ್ಮ ಚಿಕ್ಕಮ್ಮನ ತೆಂಗಿನ ತೋಟದಲ್ಲಿದ್ದಾನೆ.

ನಿನ್ನೆ ಅಮ್ಮನನ್ನು ಠಾಣೆಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಹೊರಗಿನ ಕಲ್ಲಿನ ಮೇಲೆ ಕೂರಿಸಿದ್ದರು. ಮಗನನ್ನು ತರದಿದ್ದರೆ ನಾಳೆಯೂ ಇದೇ ಎಂದು ಹೇಳಿ ಕಳಿಸಿದ್ದಾರೆ. ನೀನು ಇಲಾಖೆಯವನು. ಏನು ಮಾಡಬೇಕು, ತಕ್ಷಣ ಬರಿ.

ಗಂಗಲಕ್ಷ್ಮಿ


ಬೀದರ್
೧೪ ಡಿಸೆಂಬರ್ ೧೯೭೫

ಗಂಗಾ,

ಅಮ್ಮನನ್ನು ಕೂರಿಸಿದ್ದು ತಪ್ಪು. ಆದರೆ ಮುನಿಶಾಮ ಓಡಿಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಪೊಲೀಸಿನವನ ಕಣ್ಣಿನಿಂದ ನೋಡು: ಓಡಿದವನ ಮೇಲೆ ಯಾರಿಗೆ ಅನುಮಾನ ಬರುವುದಿಲ್ಲ?

ನಾನು ಟ್ರಂಕ್ ಕಾಲ್ ಮಾಡಿ ನಿಮ್ಮ ಸರ್ಕಲ್ ಹತ್ತಿರ ಮಾತನಾಡಿದ್ದೇನೆ. ತರಬೇತಿಯಲ್ಲಿ ನಾವಿಬ್ಬರೂ ಒಂದೇ ಬ್ಯಾರಕ್ಕಿನಲ್ಲಿದ್ದವರು. "ನಿನ್ ತಮ್ಮ ಅಂದ್ರೆ ನನ್ ತಮ್ಮ ಕಣಯ್ಯ. ಎರಡು ಮಾತು ಕೇಳಿ ಕಳಿಸ್ತೀನಿ" ಎಂದು ಮಾತು ಕೊಟ್ಟಿದ್ದಾನೆ. ನೀನೇ ತ್ಯಾಮಗೊಂಡ್ಲಿಗೆ ಹೋಗಿ ಅವನನ್ನು ಕರೆತಂದು ಠಾಣೆಗೆ ಒಪ್ಪಿಸು. ಒಗೆದ ಬಟ್ಟೆ ಹಾಕಿಸು. ಕೇಳಿದ್ದಕ್ಕೆ ಸತ್ಯ ಹೇಳಲಿ, ವಾದ ಮಾಡದಿರಲಿ. ತಪ್ಪು ಮಾಡದವನು ಯಾಕೆ ಅಡಗಬೇಕು? ನನ್ನ ಮೇಲೆ ನಂಬಿಕೆಯಿಡು.

ವೆಂಕಟರಾಮಪ್ಪ


ಬೀರಯ್ಯನಪಾಳ್ಯ
೪ ಜನವರಿ ೧೯೭೬

ಅಣ್ಣನಿಗೆ,

ನೀನು ಹೇಳಿದಂತೆ ಮಾಡಿದೆ.

ತ್ಯಾಮಗೊಂಡ್ಲಿನಿಂದ ಇಬ್ಬರೂ ಬಸ್ಸಿಗೆ ಬಂದೆವು. ಚಿಕ್ಕಮ್ಮ, "ಕರ್ಕೊಂಡೋಗ್ಬೇಡ ಕಣೇ, ಇಲ್ಲೇ ತೆಂಗಿನ್ ಗರಿ ಹೆಣೀತಾ ಇರ್ಲಿ" ಎಂದು ಬಸ್ಸಿನ ಬಾಗಿಲಿನವರೆಗೂ ಗೋಗರೆದಳು. ಅವನೇ, "ಅಣ್ಣ ಹೇಳವ್ನೆ ಅಂದ್ಮೇಲೆ ಆಯ್ತು ಬಿಡು ಚಿಕ್ಕಮ್ಮ, ನಾನೇನ್ ಕದ್ದಿದ್ದೀನಾ" ಎಂದ. ದಾರಿಯುದ್ದಕ್ಕೂ ಮಗ್ಗದ ವಿಷಯವೇ. ಹೊಸ ಡಿಸೈನ್ ಸೀರೆಗೆ ಕೂಲಿ ಜಾಸ್ತಿ ಕೊಡುತ್ತಾರೆ, ಅಮ್ಮನಿಗೆ ಕಣ್ಣಿನ ಆಪರೇಷನ್ ಮಾಡಿಸೋಣ ಎನ್ನುತ್ತಿದ್ದ. ಠಾಣೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ. ಸರ್ಕಲ್ ಸಾಹೇಬರು ನಿನ್ನ ಕ್ಷೇಮ ವಿಚಾರಿಸಿ, "ಸಂಜೆ ಬನ್ನಿ, ಕರ್ಕೊಂಡ್ಹೋಗಿ" ಎಂದರು.

ಸಂಜೆ ಹೋದರೆ ನಾಳೆ ಎಂದರು. ಮಾರನೆಯ ದಿನ ಬಾಗಿಲಲ್ಲಿದ್ದವನು, ಆ ಹೆಸರಿನವರು ಯಾರೂ ಇಲ್ಲಿಗೆ ಬಂದೇ ಇಲ್ಲ ಎಂದ. ಅವನ ಚಪ್ಪಲಿ ಇನ್ನೂ ಅಲ್ಲೇ ಮೆಟ್ಟಿಲ ಪಕ್ಕ ಇತ್ತು ಅಣ್ಣ. ತೋರಿಸಿದೆ. ಅವನು ಅದನ್ನು ಕಾಲಿನಿಂದ ಬೇಲಿಗೆ ತಳ್ಳಿದ.

ಹೊಸ ವರ್ಷದ ದಿನ ತಿಳಿಯಿತು, ಮೀಸಾ ಕಾಯ್ದೆಯಲ್ಲಿ ಹಾಕಿ ಬೆಂಗಳೂರಿನ ಜೈಲಿಗೆ ಕಳಿಸಿದ್ದಾರಂತೆ. ವಕೀಲರ ಕಾಲಿಗೆ ಬಿದ್ದೆ. "ಏನ್ ಆರೋಪ ಅಂತ ಅವರು ಹೇಳಬೇಕಾಗಿಲ್ಲಮ್ಮ, ನಾವು ಕೇಳೋ ಹಾಗೂ ಇಲ್ಲ. ಈಗ ಕಾಲ ಹಂಗಿದೆ" ಎಂದರು. ನಿನ್ನ ಸ್ನೇಹಿತರು ಮಾತು ಕೊಟ್ಟಿದ್ದರಲ್ಲ. ಅವರನ್ನು ಕೇಳು. ಅಮ್ಮನಿಗೆ, ವಿಚಾರಣೆ ಮುಗಿಸಿ ನಿನ್ನ ಹತ್ತಿರ ಬೀದರಿಗೆ ಹೋಗಿದ್ದಾನೆ ಎಂದು ಹೇಳಿದ್ದೇನೆ. ನೀನೂ ಹಾಗೆಯೇ ಬರಿ.

ಗಂಗಲಕ್ಷ್ಮಿ


ಬೀದರ್
೨೦ ಫೆಬ್ರವರಿ ೧೯೭೬

ಗಂಗಲಕ್ಷ್ಮಮ್ಮನವರಿಗೆ,

ನಿಮ್ಮ ಪತ್ರಗಳು ತಲುಪಿವೆ. ನಾನು ಕ್ಷೇಮ. ಎಲ್ಲವೂ ಕಾನೂನಿನ ಪ್ರಕಾರ ನಡೆಯುತ್ತಿದೆ. ಇಲಾಖೆಗೆ ಸಂಬಂಧಿಸಿದ ವಿಷಯಗಳನ್ನು ಇನ್ನು ಮುಂದೆ ಕಾಗದದಲ್ಲಿ ಬರೆಯತಕ್ಕದ್ದಲ್ಲ.

ನನ್ನನ್ನು ಈಗ ಠಾಣೆಯಿಂದ ಉಗ್ರಾಣದ ಕೆಲಸಕ್ಕೆ ಹಾಕಿದ್ದಾರೆ. ಬೂಟು, ಬೆಲ್ಟು, ಲಾಟೀನು. ಆರಾಮವಾಗಿದೆ.

ಅಮ್ಮನ ಆರೋಗ್ಯ ನೋಡಿಕೊಳ್ಳಿ.

ವೆಂಕಟರಾಮಪ್ಪ


ಬೀರಯ್ಯನಪಾಳ್ಯ
೨೭ ಜೂನ್ ೧೯೭೬

ಅಣ್ಣನವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಲಕೋಟೆಯನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು. ನನ್ನನ್ನು ನೀವು ಬಹುವಚನದಲ್ಲಿ ಕರೆದದ್ದು ಹುಟ್ಟಿದ ಮೇಲೆ ಇದೇ ಮೊದಲು. ಆರಾಮದ ಕೆಲಸ ಸಿಕ್ಕಿತೆಂದು ತಿಳಿದು ಅಮ್ಮನಿಗೆ ಸಂತೋಷ. ಬಡ್ತಿ ಸಿಕ್ಕಿದ ಮೇಲೆ ಮನುಷ್ಯ ಹಾಗೆ ಬರೆಯುತ್ತಾನೆಂದು ನಾನೂ ತಿಳಿದುಕೊಂಡೆ.

ನಾವೆಲ್ಲ ಕ್ಷೇಮ. ಮಳೆ ಹದವಾಗಿದೆ, ರಾಗಿಗೆ ಉಳುತ್ತಿದ್ದಾರೆ. ನನ್ನ ಬಾಲವಾಡಿಯ ಮಕ್ಕಳು ಚೆನ್ನಾಗಿವೆ. ಈಗ ನಮ್ಮೂರ ದನಗಳನ್ನು ಮೋರಿಯ ಕಡೆ ಹೊಡೆಯುವುದಿಲ್ಲ, ಕೆರೆಯಂಗಳಕ್ಕೆ ಹೊಡೆಯುತ್ತಾರೆ. ಮಕ್ಕಳಿಗೂ ಆ ಕಡೆ ಹೋಗಬೇಡಿ ಎಂದು ಹೇಳಿದ್ದೇನೆ.

ಪಾಪಯ್ಯ ಸಿಕ್ಕಿದಾಗಲೆಲ್ಲ ನಿಮ್ಮನ್ನು ಕೇಳುತ್ತಾನೆ.

ಗಂಗಲಕ್ಷ್ಮಮ್ಮ


ಬೀದರ್
೧೯ ಜುಲೈ ೧೯೭೬

ಗಂಗಾ,

ಕೆರೆಯಂಗಳಕ್ಕೆ ದನ ಹೊಡೆಯುತ್ತಾರೆಂದರೆ ಅಲ್ಲಿ ಹುಲ್ಲು ಎದ್ದಿರಬೇಕು, ಸಂತೋಷವಾಯಿತು. ನಿನ್ನ ಮನಸ್ಸು ಸ್ವಲ್ಪ ತಿಳಿಯಾದಂತೆ ಕಂಡಿತು.

ಇಲಾಖೆಯ ವಿಷಯ ಕಾಗದದಲ್ಲಿ ಬೇಡ ಎಂದವನು ನಾನೇ, ಆದರೂ ಬರೆಯುತ್ತಿದ್ದೇನೆ. ಹೋದ ವಾರದ ಸುದ್ದಿ ಇಲಾಖೆಯ ಮೂಲಕ ತಿಳಿಯಿತು. ಪೇಪರಿನಲ್ಲಿ ಬರುವುದಿಲ್ಲ, ಬರಲು ಬಿಡುವುದಿಲ್ಲ. ಅದೇ ಮೋರಿಯಲ್ಲಿ ಮತ್ತೊಮ್ಮೆ ಸಿಡಿಯಿತಂತೆ, ಗ್ಯಾಂಗ್‌ಮನ್ ಒಬ್ಬ ಸತ್ತನಂತೆ. ಪಾಪಯ್ಯನೇ? ಚಿಕ್ಕಂದಿನಲ್ಲಿ ನನ್ನನ್ನು ಟ್ರಾಲಿಯ ಮೇಲೆ ಕೂರಿಸಿಕೊಂಡು ತಳ್ಳುತ್ತಿದ್ದ ಪಾಪಯ್ಯನೇ?

ಸುತ್ತ ಹೊಲಗಳು, ಮೇಯುವ ಆಡು, ನಡೆಯುವ ಜನ. ಅಂಥದ್ದೊಂದು ಅಲ್ಲಿದ್ದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲವೇ? ಯಾರಾದರೂ ಬಂದು ಒಂದು ಮಾತು ಹೇಳಿದ್ದರೆ ಆ ಮನುಷ್ಯ ಬದುಕುತ್ತಿದ್ದ.

ವೆಂಕಟರಾಮಪ್ಪ


ಬೀರಯ್ಯನಪಾಳ್ಯ
೮ ಆಗಸ್ಟ್ ೧೯೭೬

ಅಣ್ಣ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಚಿಕ್ಕಬೀರಪ್ಪನ ಅಳಿಯ ಬೋರ್‌ವೆಲ್ ಲಾರಿಯಲ್ಲಿ ನಿನ್ನ ಕಡೆಗೇ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಪಾಪಯ್ಯನೇ ಸತ್ತದ್ದು. ಅಲ್ಲಿ ಅದು ಇದ್ದದ್ದು ನಮಗೆಲ್ಲ ಗೊತ್ತಿತ್ತು.

ಮೊದಲು ನೋಡಿದವಳು ಆಡು ಕಾಯುವ ಸಪ್ಪಲಮ್ಮ. ಮೋರಿಯ ಒಳಗೋಡೆಯ ಸಂದಿನಲ್ಲಿ ಒಂದು ತಗಡಿನ ಡಬ್ಬ, ಅದರಿಂದ ಹೊರಟ ತಂತಿ. ಆಡುಗಳನ್ನು ಅಲ್ಲೇ ಬಿಟ್ಟು ಬಾಲವಾಡಿಗೆ ಬಂದು ನನಗೆ ಹೇಳಿದಳು. ನಾನೂ ಹೋಗಿ ನೋಡಿದೆ. ನನ್ನ ಕಾಲು ತಾನಾಗಿಯೇ ದೊಡ್ಡಬಳ್ಳಾಪುರದ ದಾರಿ ಹಿಡಿಯಿತು. ಸ್ವಲ್ಪ ದೂರ ನಡೆದೂಬಿಟ್ಟಿದ್ದೆ. ಆಮೇಲೆ ಬೇಲಿಗೆ ತಳ್ಳಿದ ಚಪ್ಪಲಿ ಕಣ್ಣಿಗೆ ಬಂತು. ತಿರುಗಿ ಬಂದೆ.

ಅರಳಿಕಟ್ಟೆಯಲ್ಲಿ ಹಿರಿಯರೆಲ್ಲ ಸೇರಿದರು. ನಾನೇ ಎದ್ದು, "ಯಾರಾದ್ರೂ ಹೋಗಿ ಹೇಳಿ" ಎಂದೆ. ಚಿಕ್ಕಬೀರಪ್ಪ ನನ್ನ ಮುಖ ನೋಡಿದ. "ಹೋದ ಸಲ ಹೇಳ್ದೋನು ಈಗ ಎಲ್ಲವ್ನಮ್ಮ?" ಎಂದ. ನಾನು ಕೂತುಬಿಟ್ಟೆ. ಹೆಸರಿಲ್ಲದ ಕಾಗದ ಬರೆಯೋಣ ಎಂದು ಒಬ್ಬ ಅಂದ. "ಬರ್ದೋನು ಯಾರು ಅಂತ ಹುಡುಕ್ದೆ ಬಿಡ್ತಾರಾ? ಓದು ಬರಹ ಬರೋರೇ ಪಾಳ್ಯದಾಗೆ ನಾಕ್ ಜನ" ಎಂದ ಚಿಕ್ಕಬೀರಪ್ಪ. ಪಾಪಯ್ಯನಿಗಾದರೂ ಹೇಳೋಣ ಎಂದೆ. "ಅವ್ನು ರೈಲ್ವೆಯೋನು. ತಿಳಿದ್ಮೇಲೆ ಮೇಲಿನೋರ್ಗೆ ಹೇಳ್ಲೇಬೇಕು. ನಿಂಗ್ಯಾರು ಹೇಳಿದ್ದು ಅಂತ ಅವನ್ನೇ ಸುಲೀತಾರೆ. ಅವ್ನ ಪಾಡಿಗೆ ಅವ್ನಿರ್ಲಿ" ಎಂದರು. ಕೊನೆಗೆ, ಮೋರಿಯ ಕಡೆ ಯಾರೂ ಹೋಗಬೇಡಿ, ದನ ಹೊಡೆಯಬೇಡಿ, ಮಕ್ಕಳನ್ನು ಬಿಡಬೇಡಿ ಎಂದು ಮಾತಾಯಿತು. ಇಟ್ಟವರೇ ತೆಗೆದುಕೊಂಡು ಹೋಗಲಿ ಎಂದು ದೇವರಿಗೆ ಮುಡುಪು ಕಟ್ಟಿದೆವು.

ರೈಲು ಕೂಗಿದಾಗಲೆಲ್ಲ ಊರಿಗೆ ಊರೇ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿತ್ತು. ಗಾಡಿ ದಾಟಿದ ಮೇಲೆ ಉಸಿರು. ಗಾಡಿಯಲ್ಲಿ ಮಕ್ಕಳಿರುತ್ತವೆ ಎಂದು ಗೊತ್ತಿತ್ತು ಅಣ್ಣ. ಆದರೂ ನಿಂತಲ್ಲೇ ನಿಂತೆವು.

ಒಂದು ಮಧ್ಯಾಹ್ನ ಜೋರು ಮಳೆ. ಪಾಪಯ್ಯ ಮೋರಿಯ ಕೆಸರು ತೆಗೆಯಲು ಇಳಿದಿದ್ದನಂತೆ. ಶಬ್ದ ಕೇಳಿದಾಗ ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಅವನ ಹೆಂಡತಿ ಮುತ್ಯಾಲಮ್ಮನನ್ನು ಹಿಡಿದುಕೊಂಡು ಕೂತವಳು ನಾನೇ. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಪೊಲೀಸರು ಬಂದು ಗಂಡಸರನ್ನೆಲ್ಲ ಒಯ್ದು ಹೊಡೆದು ಬಿಟ್ಟರು. ಒಬ್ಬನೂ ಬಾಯಿ ಬಿಡಲಿಲ್ಲ. ಇಟ್ಟವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ.

ಗಂಗಾ


ಬೀದರ್
೨೯ ಆಗಸ್ಟ್ ೧೯೭೬

ಗಂಗಾ,

ತಲುಪಿತು. ಓದಿ ಸುಟ್ಟುಹಾಕಿದೆ. ಈ ಉತ್ತರವನ್ನು ಅದೇ ಲಾರಿಯವನ ಕೈಗೆ ಕೊಡುತ್ತಿದ್ದೇನೆ. ನೀನೂ ಸುಟ್ಟುಬಿಡು.

ಕಾನೂನಿನ ಪ್ರಕಾರ ಇದನ್ನು ನಾನು ಈ ಗಳಿಗೆಯಲ್ಲೇ ಮೇಲಿನವರಿಗೆ ತಿಳಿಸಬೇಕು. ಎರಡು ಸಲ ಬೂಟು ಹಾಕಿಕೊಂಡು ಬಾಗಿಲವರೆಗೆ ಹೋದೆ. ತಿಳಿಸಿದರೆ ಮೊದಲು ಎಳೆದೊಯ್ಯುವುದು ನಿನ್ನನ್ನು. ಅವರು ನಿನ್ನನ್ನು ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು, ನಾನು ಅವರಲ್ಲೊಬ್ಬ.

ತಿಳಿಸುವುದಿಲ್ಲ.

ಉಗ್ರಾಣದ ಕೆಲಸ ಬಡ್ತಿಯಲ್ಲ. ಮೀಸಾ ಕೈದಿಯ ಅಣ್ಣನ ಕೈಗೆ ಠಾಣೆ ಕೊಡುವುದಿಲ್ಲ.

ವೆಂಕಟರಾಮ


ಬೀರಯ್ಯನಪಾಳ್ಯ
೧೦ ಏಪ್ರಿಲ್ ೧೯೭೭

ಅಣ್ಣ,

ಚುನಾವಣೆ ಮುಗಿದ ವಾರದಲ್ಲಿ ಮುನಿಶಾಮನನ್ನು ಬಿಟ್ಟರು. ಬಸ್ಸಿನಿಂದ ಇಳಿದವನನ್ನು ಸಪ್ಪಲಮ್ಮ ಗುರುತು ಹಿಡಿಯಲಿಲ್ಲ. ಅಮ್ಮನಿಗೆ ಕಣ್ಣು ಮಂಜಾಗಿರುವುದು ಒಳ್ಳೆಯದೇ ಆಯಿತು. ಅವನ ಕೈ ಹಿಡಿದು, "ಬೀದರ್‌ನಾಗೆ ಊಟ ಸೇರ್ಲಿಲ್ವೇನೋ ಮಗ?" ಎಂದಳು. ಸೇರ್ಲಿಲ್ಲಮ್ಮ ಎಂದ.

ಬಲಗೈಯ ಬೆರಳುಗಳು ಮಡಚುವುದಿಲ್ಲ. ಶೆಡ್ಡಿಗೆ ಹೋಗಿ ನೋಡಿದ, ಕಿತ್ತ ಎಳೆ ಗಂಟು ಹಾಕಲಾಗದೆ ವಾಪಸು ಬಂದ. ಎಲ್ಲರನ್ನೂ "ಸಾರ್" ಎನ್ನುತ್ತಾನೆ. ಕಂಡಕ್ಟರನ್ನು, ಚಿಕ್ಕಬೀರಪ್ಪನನ್ನು, ಒಂದು ದಿನ ನನ್ನನ್ನೂ. ಅಲ್ಲಿ ಏನು ಮಾಡಿದರೆಂದು ಹೇಳುವುದಿಲ್ಲ. ಒಂದು ಮಾತು ಮಾತ್ರ ಹೇಳಿದ. ಠಾಣೆಯಲ್ಲಿ ಹೊಡೆಯುವಾಗ ಸರ್ಕಲ್ ಸಾಹೇಬರು, "ನೀನು ಯೂನಿಯನ್ ಮೀಟಿಂಗಿಗೆ ಹೋಗ್ತಿದ್ದೆ, ಸರ್ಕಾರ ಬಯ್ತಿದ್ದೆ ಅಂತ ನಿನ್ನಣ್ಣನೇ ಫೋನಲ್ಲಿ ಹೇಳವ್ನಲ್ಲೋ. ಒಡಹುಟ್ಟಿದೋನು ಸುಳ್ಳು ಹೇಳ್ತಾನಾ?" ಎನ್ನುತ್ತಿದ್ದರಂತೆ. ಇದು ನಿಜವೇ ಎಂದು ನನ್ನನ್ನು ಕೇಳಿದ. ನನಗೆ ಗೊತ್ತಿಲ್ಲ ಎಂದೆ.

ಪಾಪಯ್ಯ ಸತ್ತದ್ದು ಅವನಿಗೆ ತಿಳಿದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಊರು ಯಾಕೆ ಸುಮ್ಮನಿತ್ತು ಎಂಬುದನ್ನೂ. ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ, "ಮುತ್ಯಾಲಮ್ಮಂಗೆ ಹೇಳ್ಬೇಕು ಅಕ್ಕ" ಎಂದ. ಚಿಕ್ಕಬೀರಪ್ಪ ಬಂದು, "ಸತ್ತೋನು ಎದ್ದು ಬರ್ತಾನಾ? ಊರ ಮಾನ ಕಳೀಬೇಡ" ಎಂದು ತಡೆದ. "ಆಯ್ತು ಸಾರ್" ಎಂದು ಹೇಳಿ ಅವನೆದುರೇ ಹೊರಟ. ನಾನೂ ಹಿಂದೆ ಹೋದೆ.

ಮುತ್ಯಾಲಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಇವನು ನಿಂತೇ ಹೇಳಿದ: "ಮೋರಿ ಒಳ್ಗೆ ಬಾಂಬ್ ಇದ್ದಿದ್ದು ಊರಿಗೆಲ್ಲ ಗೊತ್ತಿತ್ತು. ನಮ್ಮಕ್ಕಂಗೂ ಗೊತ್ತಿತ್ತು. ಯಾರೂ ಪಾಪಯ್ಯಂಗೆ ಹೇಳ್ಲಿಲ್ಲ."

ಅವಳು ಮೊರ ಕೆಳಗಿಟ್ಟಳು.

"ನಮ್ಮ್ ಯಜಮಾನ್ರಿಗೂ ಗೊತ್ತಿತ್ತು ಕಣಪ್ಪ" ಎಂದಳು. "ನಿಮ್ಮೋರ್ಗಿಂತ ಮುಂಚೇನೇ ನೋಡಿದ್ರು. ಮೇಲಿನೋರ್ಗೆ ಹೇಳಿ ಅಂದೆ. ಹೇಳಿದ್ರೆ ಪಾಳ್ಯಾನೇ ಎತ್ತಾಕ್ಕೊಂಡೋಗ್ತಾರೆ, ಮೊದ್ಲು ನನ್ನ ಒಯ್ತಾರೆ, ಮುನಿಶಾಮನ ಗತಿ ನೋಡ್ಲಿಲ್ವಾ ಅಂದ್ರು. ರಾತ್ರಿಯೆಲ್ಲ ಹಳಿ ಮೇಲೇ ಕೂತಿರೋರು, ಇಟ್ಟೋರು ಮತ್ತೆ ಬಂದಾರು ಅಂತ. ಅವತ್ತು ಮಳೆ ಹಿಡೀತು. ಮದ್ದು ನೆಂದಿರ್ತದೆ, ಈಗ ಯಾರ್ಗೂ ಗೊತ್ತಾಗ್ದಂಗೆ ಕಿತ್ತು ಕೆರೆಗೆ ಹಾಕ್ಬಿಡ್ತೀನಿ ಅಂತ ಹೊರಟ್ರು. ತಲೆಗೆ ಗೋಣಿಕೊಪ್ಪೆ ನಾನೇ ಹಾಕ್ದೆ."

ಮುನಿಶಾಮ ಅವಳ ಅಂಗಳದಲ್ಲೇ ಕುಸಿದು ಕೂತ. ಬಂದ ಮೇಲೆ ಅವನು ಅತ್ತದ್ದು ಅಂದೇ. ಮುತ್ಯಾಲಮ್ಮ ಅವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ನೀವುತ್ತಿದ್ದಳು. ನನ್ನ ಕಡೆ ಅವಳು ನೋಡಲಿಲ್ಲ.

ಗಂಗಾ


ಬೀದರ್
೨೪ ಏಪ್ರಿಲ್ ೧೯೭೭

ಗಂಗಾ,

ಹೌದು, ಫೋನಿನಲ್ಲಿ ಹೇಳಿದ್ದೆ. ಹುಡುಗ ಸ್ವಲ್ಪ ಬಿಸಿರಕ್ತದವನು, ಮೀಟಿಂಗು ಅದೂ ಇದೂ ಎಂದು ಹೋಗುತ್ತಾನೆ, ಮನಸ್ಸು ಒಳ್ಳೆಯದು ಎಂದಿದ್ದೆ. ಕೊನೆಯ ಮಾತನ್ನು ಆ ಸರ್ಕಲ್ ಬರೆದುಕೊಳ್ಳಲಿಲ್ಲವೆಂದು ಕಾಣುತ್ತದೆ.

ನನಗೆ ಮತ್ತೆ ಠಾಣೆ ಕೊಟ್ಟಿದ್ದಾರೆ. ಮೊನ್ನೆ ಒಬ್ಬ ಹೆಂಗಸು ತನ್ನ ಮಗಳು ಕಾಣೆಯಾಗಿದ್ದಾಳೆಂದು ಗೇಟಿನವರೆಗೆ ಬಂದು, ಒಳಗೆ ಬರಲಾರದೆ ಬೇವಿನ ಮರದ ಕೆಳಗೆ ನಿಂತಿದ್ದಳು. ನಾನೇ ಹೊರಗೆ ಹೋದೆ. ಟೋಪಿ ಕಂಡದ್ದೇ ತಡ, ಏನೂ ಇಲ್ಲ ಸಾಹೇಬ್ ಎಂದು ಹೊರಟುಹೋದಳು. ಮಗಳು ಕಾಣೆಯಾದವಳು ಗಂಗಾ, ಏನೂ ಇಲ್ಲ ಎಂದು ಹೋದಳು. ಅವಳ ಹಿಂದೆ ಓಡಿದರೆ ಇನ್ನೂ ಹೆದರುತ್ತಾಳೆಂದು ನಿಂತೆ.

ರಜೆ ಕೇಳಿದ್ದೇನೆ, ಸಿಗುತ್ತದೆ. ಊರಿಗೆ ಬರಬೇಕು. ಮುನಿಶಾಮನ ಎದುರು ಕೂತುಕೊಳ್ಳಬೇಕು. ಅವನು ಬಯ್ಯಲಿ, ಹೊಡೆಯಲಿ. ಬರಲೇ ಎಂದು ಅವನನ್ನು ಕೇಳಿ ಬರಿ. ನಿನ್ನ ಕಾಗದ ಬರುವವರೆಗೂ ನಾನು ಹೊರಡುವುದಿಲ್ಲ.

ವೆಂಕಟರಾಮ


ಬೀರಯ್ಯನಪಾಳ್ಯ
೩ ಮೇ ೧೯೭೭

ಅಣ್ಣ,

ನಿನ್ನ ಕಾಗದವನ್ನು ಅವನಿಗೆ ಪೂರ್ತಿ ಓದಿ ಹೇಳಿದೆ. ಆ ಹೆಂಗಸಿನ ವಿಷಯ ಬಂದಾಗ, "ಅವಳ ಮಗಳು ಸಿಕ್ಕಿದಳಾ?" ಎಂದು ಕೇಳಿದ. ಅದನ್ನು ಅಣ್ಣ ಬರೆದಿಲ್ಲ ಎಂದೆ.

ಬರಬೇಡ ಎಂದು ಅವನು ಹೇಳಲಿಲ್ಲ. ಬಯ್ಯಲೂ ಇಲ್ಲ. ಗೋಡೆಗೆ ಒರಗಿ ಕೂತು, "ಬರ್ಲಿ, ಅಮ್ಮಂಗೆ ನೋಡ್ಬೇಕು ಅಂತ ಆಸೆ ಇದೆ. ಯಾವತ್ತು ಬರ್ತಾನೆ ಅಂತ ಮುಂಚೇನೇ ತಿಳಿಸೋಕೆ ಹೇಳು. ಅವತ್ತು ನಾನು ಮನೇಲಿರಲ್ಲ" ಎಂದ.

ಆದ್ದರಿಂದ ಬರುವ ದಿನವನ್ನು ಸರಿಯಾಗಿ ಬರಿ.

ಗಂಗಾ